ಕಾರಿನ ಕ್ಲಾಸ್ ಆಕ್ಷನ್: ಸೇರುವುದಕ್ಕೆ ಏನೂ ಕೊಡಬೇಕಿಲ್ಲ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಕಾರು ಇಟ್ಟುಕೊಂಡವರ ಮನೆಗೆ ಕೆಲವೊಮ್ಮೆ ಸಣ್ಣಕ್ಷರದ ಅಂಚೆ ಕಾರ್ಡೊಂದು ಬರುತ್ತದೆ. ನಿಮ್ಮ ಮಾದರಿಯ ಕಾರಿನ ಗೇರ್‌ಬಾಕ್ಸಿನಲ್ಲೋ ಎಂಜಿನ್ನಿನಲ್ಲೋ ದೋಷವಿದೆ ಎಂದು, ಅಂಥ ಕಾರಿನವರೆಲ್ಲರ ಪರವಾಗಿ ಕೆಲವರು ಹೂಡಿದ ದಾವೆ (ಇದೇ ಕ್ಲಾಸ್ ಆಕ್ಷನ್) ರಾಜಿಯಾಗಿದೆ, ನಿಮಗೂ ಪರಿಹಾರ ಸಿಗಬಹುದು ಎಂದು ಅದರಲ್ಲಿರುತ್ತದೆ. ಮೋಸವಿರಬೇಕು ಎಂದು ಅದನ್ನು ಕಸಕ್ಕೆ ಹಾಕಿದವರು ನ್ಯಾಯವಾಗಿ ಬರಬೇಕಾದ ಹಣ ಕಳೆದುಕೊಳ್ಳುತ್ತಾರೆ. ಅದೇ ವೇಷದ ನಕಲಿಯನ್ನು ನಂಬಿದವರು ಸರ್ಕಾರ ಕೊಟ್ಟ ಗುರುತಿನ ಸಂಖ್ಯೆಯಾದ ಸೋಶಿಯಲ್ ಸೆಕ್ಯುರಿಟಿ ನಂಬರನ್ನೇ ಕಳೆದುಕೊಳ್ಳುತ್ತಾರೆ. ಈ ಎರಡೂ ನಷ್ಟವನ್ನು ತಪ್ಪಿಸಿಕೊಳ್ಳುವ ದಾರಿ ಇವತ್ತಿನ ವಿಷಯ.

ಮೊದಲ ತೊಡಕು ‘ಸೇರುವುದು’ ಎಂಬ ಮಾತಿನಲ್ಲೇ ಇದೆ. ಫೆಡರಲ್ ಸಿವಿಲ್ ಪ್ರಕ್ರಿಯೆಯ 23ನೇ ನಿಯಮದಡಿ ಹಣದ ಪರಿಹಾರ ಕೇಳುವ ಕ್ಲಾಸ್ ಆಕ್ಷನ್‌ನಲ್ಲಿ, ಯಾರು ವರ್ಗಕ್ಕೆ ಸೇರಿದವರು ಎಂಬುದನ್ನು ಕೋರ್ಟೇ ವಿವರಿಸುತ್ತದೆ: ಇಂಥ ಮಾದರಿ, ಇಂಥ ವರ್ಷಗಳು, ಇಂಥ ಎಂಜಿನ್, ಕೊಂಡವರು ಅಥವಾ ಲೀಸಿಗೆ ಪಡೆದವರು. ಆ ವಿವರಣೆಯೊಳಗೆ ಬಂದರೆ ನೀವು ಆಗಲೇ ಒಳಗಿದ್ದೀರಿ. ಹೊರಗುಳಿಯಬೇಕೆಂದರೆ ಮಾತ್ರ ಗಡುವಿನೊಳಗೆ ಬರೆದು ತಿಳಿಸಬೇಕು. ಸುಮ್ಮನಿದ್ದರೆ ಅದೇ ದೋಷಕ್ಕಾಗಿ ಪ್ರತ್ಯೇಕವಾಗಿ ದಾವೆ ಹೂಡುವ ಹಕ್ಕು ಹೋಗುತ್ತದೆ. ಹಣಕ್ಕೆ ಅರ್ಜಿ ಸಲ್ಲಿಸಬೇಕಾದ ರಾಜಿಯಾದರೆ, ಸಲ್ಲಿಸದವರಿಗೆ ಹಣವೂ ಬರುವುದಿಲ್ಲ. ಹೀಗಾಗಿ ‘ಇಂದೇ ನೋಂದಾಯಿಸಿ, ಇಲ್ಲವಾದರೆ ದಾವೆಯಿಂದ ಹೊರಗೆ’ ಎಂದು ಯಾರಾದರೂ ಅವಸರಪಡಿಸಿದರೆ, ಆ ಮಾತು ಕ್ಲಾಸ್ ಆಕ್ಷನ್ನಿನ ಮೂಲ ನಿಯಮಕ್ಕೇ ವಿರುದ್ಧ. ಸೇರುವುದಕ್ಕೆ ಏನೂ ಕೊಡಬೇಕಿಲ್ಲ. ಹಣ ಪಡೆಯುವುದಕ್ಕೆ ಮಾತ್ರ ಕೆಲವು ವಿವರ ಬೇಕು.

‘ನಿಮ್ಮ ಕಾರಿಗೆ ಈ ತೊಂದರೆ ಇದೆಯೇ? ಫಾರಂ ತುಂಬಿ’ ಎನ್ನುವ ಪುಟಗಳದು ಬೇರೆಯೇ ಕಥೆ. ಅವು ಬಹುಮಟ್ಟಿಗೆ ಕಕ್ಷಿದಾರರನ್ನು ಹುಡುಕುವ ವಕೀಲರ ಅಥವಾ ಅವರಿಗೆ ಹೆಸರುಗಳನ್ನು ಮಾರುವ ಮಧ್ಯವರ್ತಿಗಳ ಜಾಹೀರಾತು. ಎಲ್ಲವೂ ಮೋಸವಲ್ಲ. ಕಾರ್ಮಿಕರ ವೇತನದ ಸಾಮೂಹಿಕ ದಾವೆಗಳಲ್ಲಿ, ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ಒಬ್ಬೊಬ್ಬರ ಹೆಸರಿನಲ್ಲೇ ಹೂಡುವ ಮಾಸ್ ಆರ್ಬಿಟ್ರೇಶನ್‌ನಲ್ಲಿ ನಿಜವಾಗಿಯೂ ಸಹಿ ಹಾಕಿ ಸೇರಬೇಕಾಗುತ್ತದೆ. ಹಾಗೆ ಸೇರುವ ಮುನ್ನ ವಕೀಲರ ಹೆಸರನ್ನು ಆ ರಾಜ್ಯದ ಬಾರ್‌ನ (ವಕೀಲರ ಸಂಘದ) ಪಟ್ಟಿಯಲ್ಲಿ ಹುಡುಕಿ, ಶುಲ್ಕದ ಒಪ್ಪಂದವನ್ನು ಓದಿ. ಕ್ಲಾಸ್ ಆಕ್ಷನ್ ರಾಜಿಯಲ್ಲಾದರೆ ವಕೀಲರ ಶುಲ್ಕವನ್ನು ನ್ಯಾಯಾಧೀಶರು ಮಂಜೂರು ಮಾಡುತ್ತಾರೆ. ನೀವು ಕೈಯಿಂದ ಒಂದು ಡಾಲರೂ ಕೊಡಬೇಕಿಲ್ಲ.

ಇನ್ನು ನೋಟಿಸು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ. ಇಲ್ಲಿ ಕಷ್ಟವೇನೆಂದರೆ, ಅಸಲಿ ನೋಟಿಸುಗಳೇ ನೋಡಲು ನಕಲಿಯಂತಿರುತ್ತವೆ. ಕಳುಹಿಸುವುದು ಬಹುಮಟ್ಟಿಗೆ ಕಾರು ಕಂಪನಿಯೂ ಅಲ್ಲ, ಕೋರ್ಟೂ ಅಲ್ಲ. ಎಪಿಕ್, ಜೆಎನ್‌ಡಿ, ಕ್ರೋಲ್, ಏಂಜಿಯನ್‌ನಂಥ ರಾಜಿ ನಿರ್ವಾಹಕ ಸಂಸ್ಥೆಗಳು. ವೆಬ್ ವಿಳಾಸವೂ ಆ ಒಂದು ಪ್ರಕರಣಕ್ಕೆಂದೇ ತೆರೆದ, ಹಿಂದೆಂದೂ ಕೇಳಿರದ ಡಾಟ್ ಕಾಮ್ ಆಗಿರುತ್ತದೆ. ‘ಇದಕ್ಕೆ ಕೋರ್ಟಿನ ಅನುಮತಿಯಿದೆ, ಇದು ವಕೀಲರ ಜಾಹೀರಾತಲ್ಲ’ ಎಂಬ ಸಾಲು ಅಸಲಿ ನೋಟಿಸುಗಳಲ್ಲಿ ಸಾಮಾನ್ಯ. ಆದರೆ ಆ ಸಾಲನ್ನು ವಂಚಕನೂ ಬರೆಯಬಲ್ಲ.

ನಿಮ್ಮ ಹೆಸರು, ವಿಳಾಸ ಅವರಿಗೆ ಸಿಕ್ಕಿದ್ದು ಹೇಗೆ? ಕಂಪನಿ ತಾನು ತಯಾರಿಸಿದ ಕಾರುಗಳ ವಿನ್ ನಂಬರುಗಳನ್ನು, ಅಂದರೆ ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಗಳನ್ನು ಕೊಡುತ್ತದೆ. ಅವುಗಳನ್ನು ರಾಜ್ಯಗಳ ವಾಹನ ನೋಂದಣಿ ದಾಖಲೆಯೊಂದಿಗೆ ಹೊಂದಿಸಿ ವಿಳಾಸ ಪಡೆಯುತ್ತಾರೆ. ಚಾಲಕರ ಖಾಸಗಿತನ ಕಾಪಾಡುವ 1994ರ ಕಾಯ್ದೆ, ರೀಕಾಲ್ (ದೋಷವಿರುವ ಕಾರುಗಳನ್ನು ಕಂಪನಿಯೇ ಕರೆಸಿ ಸರಿಪಡಿಸುವುದು) ಮತ್ತು ದಾವೆಯ ಕೆಲಸಕ್ಕೆ ಈ ಮಾಹಿತಿ ಕೊಡಲು ಅವಕಾಶ ಇಟ್ಟಿದೆ. ಅಂದರೆ ಅಸಲಿ ಸಂಸ್ಥೆಗೆ ನಿಮ್ಮ ಹೆಸರೂ ವಿನ್ ನಂಬರೂ ಮೊದಲೇ ಗೊತ್ತಿರುತ್ತದೆ. ಕಾರ್ಡಿನಲ್ಲಿ ಸಾಮಾನ್ಯವಾಗಿ ನಿಮಗೆಂದೇ ಒಂದು ಕ್ಲೇಮ್ ನಂಬರು, ಕೆಲವೊಮ್ಮೆ ಪಿನ್ ಕೂಡ ಇರುತ್ತದೆ. ಹಾಗೆಂದು ವಿನ್ ನಂಬರು ಸರಿಯಿದೆ ಎಂಬುದೇ ಸಾಕ್ಷಿಯಲ್ಲ. ಆ 17 ಅಕ್ಷರಗಳು ಮುಂಗಾಜಿನ ಕೆಳಮೂಲೆಯಲ್ಲಿ ದಾರಿಹೋಕರಿಗೂ ಕಾಣುತ್ತವೆ.

ಪರೀಕ್ಷೆ ಮಾಡುವುದಾದರೆ ಬಂದ ಸಂದೇಶದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಮಾಡಬೇಕು. ಅದರ ಲಿಂಕು ಒತ್ತಬೇಡಿ, ಅದರಲ್ಲಿರುವ ಫೋನಿಗೆ ಕರೆ ಮಾಡಬೇಡಿ. ಬರೆದುಕೊಳ್ಳಬೇಕಾದದ್ದು ಕೋರ್ಟಿನ ಹೆಸರು ಮತ್ತು ಪ್ರಕರಣ ಸಂಖ್ಯೆ. ಉದಾಹರಣೆಗೆ, ಫೋಕ್ಸ್‌ವ್ಯಾಗನ್ ಡೀಸೆಲ್ ಹೊಗೆ ಪ್ರಕರಣದ ಸಂಖ್ಯೆ 3:15-ಎಂಡಿ-02672. ಇದರಲ್ಲಿ 15 ಎಂದರೆ ದಾಖಲಾದ ವರ್ಷ 2015, ಎಂಡಿ ಎಂದರೆ ಹಲವು ಜಿಲ್ಲೆಗಳ ದಾವೆಗಳನ್ನು ಒಂದೆಡೆ ಸೇರಿಸಿದ್ದು. ಸಾಮಾನ್ಯ ಸಿವಿಲ್ ದಾವೆಗೆ ಸಿವಿ ಎಂದಿರುತ್ತದೆ. ನಿಮ್ಮ ಕಾರ್ಡಿನಲ್ಲಿರುವ ಸಂಖ್ಯೆಯನ್ನು ಫೆಡರಲ್ ಕೋರ್ಟುಗಳ ದಾಖಲೆಗಳನ್ನು ಆನ್‌ಲೈನಿನಲ್ಲಿ ತೋರಿಸುವ ಪೇಸರ್ ವ್ಯವಸ್ಥೆಯಲ್ಲಿ ಹುಡುಕಿ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಇಲ್ಲ. ಕೋರ್ಟ್‌ಲಿಸನರ್ ತಾಣದಲ್ಲಿ ಅನೇಕ ದಾಖಲೆಗಳು ಉಚಿತವಾಗಿಯೇ ಸಿಗುತ್ತವೆ. ನಿಮಗೆ ಬೇಕಾದದ್ದು ಒಂದೇ ಆದೇಶ: ರಾಜಿಗೆ ಪ್ರಾಥಮಿಕ ಒಪ್ಪಿಗೆ ಕೊಟ್ಟದ್ದು. ನಿರ್ವಾಹಕ ಸಂಸ್ಥೆಯ ಹೆಸರು ಮತ್ತು ಗಡುವುಗಳು ಆ ಆದೇಶದಲ್ಲೋ ಅದರ ಜೊತೆಗಿನ ಕಾಗದಗಳಲ್ಲೋ ಇರುತ್ತವೆ. ತಾಣದ ವಿಳಾಸವೂ ಸಾಮಾನ್ಯವಾಗಿ ಅಲ್ಲೇ, ಕೋರ್ಟಿಗೆ ಸಲ್ಲಿಸಿದ ನೋಟಿಸಿನ ಮಾದರಿಯಲ್ಲಿ ಸಿಗುತ್ತದೆ. ಕಾರ್ಡಿನಲ್ಲಿರುವ ವಿಳಾಸವನ್ನು ಅದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ನಡುವೆ ಒಂದು ಅಡ್ಡಗೆರೆ, ಡಾಟ್ ಕಾಮ್ ಇದ್ದಲ್ಲಿ ಡಾಟ್ ನೆಟ್, ಇಷ್ಟರಲ್ಲೇ ನಕಲಿ ತಾಣ ಹುಟ್ಟಿಕೊಳ್ಳುತ್ತದೆ. ಬ್ರೌಸರಿನ ಬೀಗದ ಗುರುತು ನಕಲಿ ತಾಣಕ್ಕೂ ಸಿಗುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲಿರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತೂ ಆಗಿರಬಹುದು. 2019ರಲ್ಲಿ, ಜನರ ಸಾಲದ ದಾಖಲೆ ಇಡುವ ಇಕ್ವಿಫ್ಯಾಕ್ಸ್ ಸಂಸ್ಥೆಯ ಮಾಹಿತಿ ಸೋರಿಕೆಯ ರಾಜಿ ಪ್ರಕಟವಾದ ಬೆನ್ನಲ್ಲೇ ನಕಲಿ ಕ್ಲೇಮ್ ತಾಣಗಳ ಬಗ್ಗೆ ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ ಎಚ್ಚರಿಕೆ ಕೊಡಬೇಕಾಯಿತು. ಪೇಸರ್‌ನಲ್ಲಿ ಫೆಡರಲ್ ಪ್ರಕರಣಗಳು ಮಾತ್ರ ಇರುತ್ತವೆ. ರಾಜ್ಯದ ಕೋರ್ಟಿನದಾದರೆ ಆ ಕೋರ್ಟಿನ ತಾಣದಲ್ಲೇ ನೋಡಬೇಕು.

ಗಡಿಬಿಡಿಯೂ ಒಂದು ಸುಳಿವು. 2005ರ ಕ್ಲಾಸ್ ಆಕ್ಷನ್ ಕಾಯ್ದೆಯಡಿ ರಾಜಿಯ ವಿಷಯವನ್ನು ಸರ್ಕಾರಿ ಅಧಿಕಾರಿಗಳಿಗೆ ತಿಳಿಸಿ 90 ದಿನ ಕಳೆಯದೆ ಕೋರ್ಟು ಅಂತಿಮ ಒಪ್ಪಿಗೆ ಕೊಡುವಂತಿಲ್ಲ. ಅದರ ಮೇಲೆ ಮೇಲ್ಮನವಿಯಾದರೆ ಹಣ ಕೈಸೇರಲು ಇನ್ನಷ್ಟು ಕಾಲ. ‘24 ಗಂಟೆಯಲ್ಲಿ ಖಾತೆಗೆ’ ಎನ್ನುವವನಿಗೆ ಈ ವ್ಯವಸ್ಥೆಯ ಪರಿಚಯವೇ ಇಲ್ಲ.

ತಾಣ ಅಸಲಿ ಎಂದು ಖಚಿತವಾಯಿತು ಎನ್ನೋಣ. ಏನೇನು ಕೊಡಬೇಕು? ಹೆಸರು, ಅಂಚೆ ವಿಳಾಸ, ವಿನ್ ನಂಬರು, ಕಾರು ನಿಮ್ಮ ಬಳಿ ಇದ್ದ ಅವಧಿ. ರಿಪೇರಿ ಖರ್ಚು ಕೇಳುವುದಾದರೆ ರಿಪೇರಿ ಆರ್ಡರ್: ಅದರಲ್ಲಿ ದಿನಾಂಕ, ವಿನ್ ನಂಬರು, ಓಡಿದ ಮೈಲಿ, ಮಾಡಿದ ಕೆಲಸ, ಮೊತ್ತ ಇಷ್ಟೂ ಕಾಣಬೇಕು. ಜೊತೆಗೆ ಹಣ ಕೊಟ್ಟದ್ದಕ್ಕೆ ಪುರಾವೆ. ಅನೇಕ ಅರ್ಜಿಗಳು ಬೀಳುವುದು ಈ ಕೊನೆಯದರಲ್ಲೇ. ಗ್ಯಾರೇಜಿನವರು ಕೊಟ್ಟ ಅಂದಾಜು ಪಟ್ಟಿಯನ್ನು ಬಿಲ್ಲೆಂದು ಲಗತ್ತಿಸಿದರೆ ಅದು ಪುರಾವೆಯಾಗುವುದಿಲ್ಲ. ಹಳೆಯ ಕಾಗದ ಕಳೆದಿದ್ದರೆ ಡೀಲರ್‌ನ ಸರ್ವಿಸ್ ವಿಭಾಗದಲ್ಲಿ ವಿನ್ ನಂಬರು ಹೇಳಿ ಪ್ರತಿ ಕೇಳಿ. ಅರ್ಜಿಗೆ ಸಹಿ ಹಾಕುವುದು ಸಾಮಾನ್ಯವಾಗಿ ಪ್ರಮಾಣದ ಮೇಲೆ, ಆದ್ದರಿಂದ ಅಂದಾಜಿನ ದಿನಾಂಕವನ್ನು ಖಚಿತವೆಂಬಂತೆ ಬರೆಯಬೇಡಿ.

ಪುರಾವೆಗೆ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಕೊಡುವಾಗ ರಿಪೇರಿಗೆ ಹಣ ಕೊಟ್ಟ ಆ ಒಂದು ಸಾಲು, ನಿಮ್ಮ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ ಸಾಕು. ಉಳಿದದ್ದನ್ನು ಮುಚ್ಚಿ. ಮುಚ್ಚುವುದರಲ್ಲೇ ಜನ ಎಡವುತ್ತಾರೆ. ಕಾಗದದ ಮೇಲೆ ಕಪ್ಪು ಮಾರ್ಕರ್ ಬಳಿದರೆ ಸ್ಕ್ಯಾನಿನಲ್ಲಿ ಅಂಕಿಗಳು ಇಣುಕುತ್ತವೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅದರಡಿಯ ಅಕ್ಷರಗಳು ಹಾಗೆಯೇ ಉಳಿದಿರುತ್ತವೆ, ಆಯ್ದು ಕಾಪಿ ಮಾಡಿದರೆ ಹೊರಬರುತ್ತವೆ. ಮುದ್ರಿಸಿದ ಕಾಗದದ ಮೇಲೆ ದಪ್ಪ ಕಾಗದದ ಪಟ್ಟಿ ಅಂಟಿಸಿ, ಆಮೇಲೆ ಸ್ಕ್ಯಾನ್ ಮಾಡುವುದೇ ಭದ್ರವಾದ ಉಪಾಯ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಜಾಗದ ಮಾಹಿತಿಯೂ ಅಡಗಿರಬಹುದು, ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ ತೆಗೆಯಿರಿ.

ಸಂದೇಶಗಳಿಗಾಗಿ ಬೇರೆಯೇ ಒಂದು ಇಮೇಲ್ ವಿಳಾಸ ಇಟ್ಟುಕೊಳ್ಳಿ. ಫೋನ್ ನಂಬರು ಕಡ್ಡಾಯವಲ್ಲದಿದ್ದರೆ ಖಾಲಿ ಬಿಡಿ. ಹಣ ಪಡೆಯಲು ಕಾಗದದ ಚೆಕ್ ಆಯ್ಕೆಯಿದ್ದರೆ ಅದನ್ನೇ ಆರಿಸಿ, ಆಗ ಬ್ಯಾಂಕಿನ ವಿವರ ಯಾರಿಗೂ ಕೊಡಬೇಕಿಲ್ಲ. ಚೆಕ್ಕಿಗೆ ಅವಧಿ ಇರುತ್ತದೆ, ಬಂದ ವಾರವೇ ಜಮಾ ಮಾಡಿ. ದೊಡ್ಡ ಮೊತ್ತವಿದ್ದಾಗ ತೆರಿಗೆಯ ಕಾರಣಕ್ಕೆ ಡಬ್ಲ್ಯೂ-9 ಫಾರಂ ಮತ್ತು ಸೋಶಿಯಲ್ ಸೆಕ್ಯುರಿಟಿ ನಂಬರು ಕೇಳುವುದುಂಟು. ಹಾಗೆ ಕೇಳಿದರೆ ರಾಜಿಯ ಒಪ್ಪಂದದಲ್ಲಿ ಅದರ ಉಲ್ಲೇಖ ಇದೆಯೇ ಎಂದು ಮೊದಲು ನೋಡಿ. ಆನ್‌ಲೈನ್ ಬ್ಯಾಂಕಿಂಗ್ ಪಾಸ್‌ವರ್ಡ್, ಒಟಿಪಿ, ಪ್ರೊಸೆಸಿಂಗ್ ಶುಲ್ಕ, ಗಿಫ್ಟ್ ಕಾರ್ಡ್, ಕಂಪ್ಯೂಟರನ್ನು ದೂರದಿಂದ ತೆರೆಯುವ ಅನುಮತಿ, ಇವುಗಳಲ್ಲಿ ಒಂದನ್ನು ಕೇಳಿದರೂ ಮಾತು ಅಲ್ಲಿಗೇ ನಿಲ್ಲಿಸಿ. ‘ಚೆಕ್ಕಿನಲ್ಲಿ ಹೆಚ್ಚು ಹಣ ಬಂದಿದೆ, ಉಳಿದದ್ದನ್ನು ವಾಪಸ್ ಕಳಿಸಿ’ ಎನ್ನುವುದು ಹಳೆಯ ಬಲೆ: ಬ್ಯಾಂಕು ಮೊತ್ತವನ್ನು ಖಾತೆಯಲ್ಲಿ ಬೇಗ ತೋರಿಸುತ್ತದೆ, ಚೆಕ್ ನಕಲಿಯೆಂದು ತಿಳಿಯುವುದು ದಿನಗಳ ನಂತರ, ಅಷ್ಟರಲ್ಲಿ ನೀವು ಕಳಿಸಿದ್ದು ನಿಮ್ಮದೇ ಹಣ.

ರೀಕಾಲ್ ಬೇರೆ, ಇದು ಬೇರೆ ಎಂಬುದನ್ನೂ ನೆನಪಿಡಿ. ಸುರಕ್ಷತಾ ರೀಕಾಲ್ ಇದೆಯೇ ಎಂದು ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ವಿನ್ ನಂಬರು ಹಾಕಿ ನೋಡಬಹುದು, ಹೆಸರು ಕೊಡಬೇಕಿಲ್ಲ. ಪರಿಹಾರಕ್ಕಾಗಿ ಕಾಯುತ್ತಾ ಆ ರಿಪೇರಿಯನ್ನು ಮುಂದೂಡುವುದು ಪ್ರಾಣಕ್ಕೆ ಅಪಾಯ.

ಈಗಾಗಲೇ ನಕಲಿ ತಾಣದಲ್ಲಿ ವಿವರ ಕೊಟ್ಟಿದ್ದರೆ ನಾಚಿಕೆಗೆ ಸಮಯವಿಲ್ಲ. ಬ್ಯಾಂಕಿನ ವಿವರ ಹೋಗಿದ್ದರೆ ಮೊದಲ ಕರೆ ಬ್ಯಾಂಕಿಗೆ. ಸೋಶಿಯಲ್ ಸೆಕ್ಯುರಿಟಿ ನಂಬರು ಹೋಗಿದ್ದರೆ ಸಾಲದ ದಾಖಲೆ ಇಡುವ ಬ್ಯೂರೋಗಳಾದ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್ ಮಾಡಿಸಿ, ಅಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯದಂತೆ ನಿಮ್ಮ ದಾಖಲೆಗೆ ಬೀಗ ಹಾಕಿಸಿ. ಒಂದರಲ್ಲಿ ಮಾಡಿದರೆ ಉಳಿದೆರಡಕ್ಕೆ ತಾನಾಗಿ ಆಗುವುದಿಲ್ಲ. 2018ರ ಸೆಪ್ಟೆಂಬರಿನಿಂದ ಇದು ದೇಶದಾದ್ಯಂತ ಉಚಿತ. ಫೋನಿನಲ್ಲೋ ಆನ್‌ಲೈನಿನಲ್ಲೋ ಕೇಳಿದರೆ ಒಂದು ಕೆಲಸದ ದಿನದೊಳಗೆ ಜಾರಿಯಾಗಬೇಕು. ಆಮೇಲೆ ಟ್ರೇಡ್ ಕಮಿಷನ್ನಿನ ಐಡೆಂಟಿಟಿ ಥೆಫ್ಟ್ ಡಾಟ್ ಗವ್ ತಾಣದಲ್ಲಿ ದೂರು ದಾಖಲಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಮುಂದೆ ಹೊಸ ಕಾರಿಗೆ ಸಾಲ ತೆಗೆಯುವಾಗ, ಡೀಲರ್ ಯಾವ ಬ್ಯೂರೋದಲ್ಲಿ ನೋಡುತ್ತಾರೆಂದು ಕೇಳಿ ಅದೊಂದನ್ನೇ ಕೆಲವು ದಿನಕ್ಕೆ ತೆರೆಯಬಹುದು. ಆನ್‌ಲೈನಿನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ತೆರೆಯಬೇಕೆಂಬುದು ಕಾನೂನು.