ಜುಲೈ ಕೊನೆಯ ವರ್ಗಾವಣೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ಜಾಗದಲ್ಲಿ ಹಳಗನ್ನಡದ ಮೇಲೆ ಅಷ್ಟು ಒಳ್ಳೇ ಉಪನ್ಯಾಸ ಕೇಳಿದವರನ್ನ ಇವತ್ತು ಬೇಸ್‌ಬಾಲಿಗೆ ಎಳೀತಾ ಇದ್ದೀನಿ, ಹೊಟ್ಟೆಗೆ ಹಾಕ್ಕೊಳ್ಳಿ. ಊರಿಂದ ಮಕ್ಕಳ ಮನೆಗೆ ಬಂದಿರೋ ಹಿರಿಯರೂ ಮುಂದಿನ ಸಾಲಲ್ಲಿ ಕೂತಿದ್ದೀರಿ. ನಿಮಗೆ ಆಟದ ನಿಯಮ ಗೊತ್ತಿರಬೇಕಾಗಿಲ್ಲ. ವರ್ಗಾವಣೆ ಅಂದರೇನು ಅಂತ ಗೊತ್ತಿದ್ದರೆ ಸಾಕು. ಆ ವಿಷಯದಲ್ಲಿ ಇಲ್ಲಿರೋ ಯಾರಿಗಿಂತಲೂ ನೀವೇ ಪಂಡಿತರು.

ನಮ್ಮ ತಂದೆ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. ಬೇಸಿಗೆ ರಜ ಬಂತು ಅಂದರೆ ಮನೆಯಲ್ಲಿ ಒಂದೇ ಮಾತು, ಆರ್ಡರ್ ಬಂತಾ, ಎಲ್ಲಿಗೆ ಹಾಕಿದಾರೆ. ಅಮ್ಮ ಉಪ್ಪಿನಕಾಯಿ ಜಾಡಿ ತುಂಬಿಸೋದನ್ನೂ ಮುಂದಕ್ಕೆ ಹಾಕೋಳು, ಲಾರಿಯಲ್ಲಿ ಒಡೆದು ಹೋಗುತ್ತೆ ಅಂತ. ಬೇಸ್‌ಬಾಲಿನಲ್ಲಿ ಆ ಕಾಲ ಬರೋದು ಜುಲೈ ಕೊನೆಗೆ. ಇಲ್ಲಿ ಆರ್ಡರ್ ಅಂಚೆಯಲ್ಲಿ ಬರಲ್ಲ, ಫೋನಿನಲ್ಲಿ ಬರುತ್ತೆ. ಎಷ್ಟೋ ಸಲ ಆಟಗಾರನಿಗಿಂತ ಮೊದಲು ನನ್ನಂಥ ಅಭಿಮಾನಿಗೆ ಸಿಕ್ಕಿರುತ್ತೆ.

2025ರ ಜುಲೈ 31. ತಂಡಗಳು ಆಟಗಾರರನ್ನ ಕೊಟ್ಟು ತರೋದಕ್ಕೆ ನಮ್ಮ ಪೆಸಿಫಿಕ್ ಸಮಯ ಮಧ್ಯಾಹ್ನ ಮೂರಕ್ಕೆ ಗಡುವು. ನಾನು ಎರಡೂವರೆಗೆ ಒಂದು ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಇಟ್ಕೊಂಡು ತುಂಬ ಗಂಭೀರವಾಗಿ ತಲೆ ಆಡಿಸ್ತಾ ಕೂತಿದ್ದೆ. ಅಷ್ಟರಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಟೈಲರ್ ರೋಜರ್ಸನ್ನ ನ್ಯೂಯಾರ್ಕ್ ಮೆಟ್ಸ್‌ಗೆ ಕಳಿಸಿ ಆಗಿತ್ತು. ನೆಲ ಸವರೋ ಹಾಗೆ ಬಗ್ಗಿ, ಗೋಲಿ ಎಸೆದಂತೆ ಚೆಂಡು ಎಸೀತಿದ್ದ ಪುಣ್ಯಾತ್ಮ ಅವನು. ಕಮೀಲೊ ಡೋವಲ್ ಯಾಂಕೀಸ್ ಪಾಲಾದ. ಮೈಕ್ ಯಸ್ಟ್ರೆಮ್‌ಸ್ಕಿ ಕಾನ್ಸಾಸ್ ಸಿಟಿಗೆ ಹೋದ. ಸಂಜೆ ಮನೆಗೆ ಬಂದರೆ ಮಗಳು ಸೋಫಾ ಮೇಲೆ ಐದನೇ ನಂಬರಿನ ಜರ್ಸಿ ಹರಡ್ಕೊಂಡು ಕೂತಿದ್ದಾಳೆ. ಬೆನ್ನ ಮೇಲೆ ಯಸ್ಟ್ರೆಮ್‌ಸ್ಕಿ ಅಂತ ಈ ಭುಜದಿಂದ ಆ ಭುಜದವರೆಗೆ ಉದ್ದಕ್ಕೆ ಹೆಸರು. ಒಗೆದು ಒಗೆದು ಒಂದು ಅಕ್ಷರದ ಅಂಚು ಎದ್ದಿದೆ. "ಅಪ್ಪಾ, ಇನ್ಮೇಲೆ ಇದನ್ನ ಹಾಕ್ಕೋಬಹುದಾ?" ಅಂದಳು. ಇವತ್ತಿನ ಉಪನ್ಯಾಸ ಹುಟ್ಟಿದ್ದು ಆ ಪ್ರಶ್ನೆಯಿಂದ.

ವ್ಯವಸ್ಥೆ ಏನು ಅಂತ ಚುಟುಕಾಗಿ ಹೇಳಿಬಿಡ್ತೀನಿ. ಮೂವತ್ತು ತಂಡ, ಒಂದೊಂದಕ್ಕೂ 162 ಪಂದ್ಯ. ಜುಲೈ ಕೊನೆಗೆ ಸುಮಾರು ಮೂರನೇ ಎರಡು ಭಾಗ ಮುಗಿದಿರುತ್ತೆ. ಪ್ಲೇಆಫ್ ಆಸೆ ಇರೋ ತಂಡ ಕೊಳ್ಳುತ್ತೆ, ಆಸೆ ಬಿಟ್ಟ ತಂಡ ಮಾರುತ್ತೆ. ಮಾರೋದು ಹೆಚ್ಚಾಗಿ ಆ ವರ್ಷಕ್ಕೇ ಕರಾರು ಮುಗಿಯೋರನ್ನ. ಅವರಿಗೆ ರೆಂಟಲ್ ಅಂತಾರೆ, ಎರಡು ಮೂರು ತಿಂಗಳ ಬಾಡಿಗೆ. ಬದಲಿಗೆ ಕೇಳೋದು ಕೆಳಗಿನ ಲೀಗಿನಲ್ಲಿ ಬೆಳೀತಾ ಇರೋ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರನ್ನ. ಆ ಕೆಳಗಿನ ತಂಡಗಳಿಗೆ ಒಟ್ಟಾಗಿ ಫಾರ್ಮ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೊಲ. ಅಂದರೆ ಈ ವರ್ಷದ ಹಬ್ಬಕ್ಕೆ ಬಿತ್ತನೆ ಬೀಜ ಹುರಿದು ತಿನ್ನೋದೋ ಬೇಡವೋ ಅನ್ನೋ ಪ್ರಶ್ನೆ. ಐಪಿಎಲ್ಲಿನಲ್ಲೂ ಟ್ರೇಡ್ ಉಂಟು, ನಮ್ಮ ದೇವದತ್ತ ಪಡಿಕ್ಕಲ್ 2023ರಲ್ಲಿ ರಾಜಸ್ಥಾನದಿಂದ ಲಖನೌಗೆ ಹೋಗಿ ಆವೇಶ್ ಖಾನ್ ಈ ಕಡೆ ಬಂದರಲ್ಲ, ಹಾಗೆ. ಆದರೆ ಅದು ನವೆಂಬರಿನ ಮಾತು, ಆಟ ಇಲ್ಲದ ಕಾಲ. ಇಲ್ಲಿ ಊಟದ ಮಧ್ಯೆ ಎಬ್ಬಿಸಿ ಬೇರೆ ಪಂಕ್ತಿಯಲ್ಲಿ ಕೂರಿಸ್ತಾರೆ.

ಗಡುವು ಅನ್ನೋದು ಬಂದದ್ದೇ ಒಂದು ಜಗಳದಿಂದ. 1922ರ ಜುಲೈನಲ್ಲಿ ಯಾಂಕೀಸ್ ಮತ್ತು ಸೇಂಟ್ ಲೂಯಿಸ್ ಬ್ರೌನ್ಸ್ ಸಮಸಮ ಓಡ್ತಿದ್ದಾಗ ಯಾಂಕೀಸಿನವರು ಬಾಸ್ಟನ್ನಿನಿಂದ ಜೋ ಡ್ಯೂಗನ್ ಅನ್ನೋ ಒಳ್ಳೇ ಆಟಗಾರನನ್ನ ತಂದರು. ಕೊನೆಗೆ ಬ್ರೌನ್ಸ್ ಒಂದೇ ಒಂದು ಪಂದ್ಯದಿಂದ ಹಿಂದೆ ಬಿದ್ದರು. ದುಡ್ಡಿರೋನು ಕೊನೇ ಗಳಿಗೆಯಲ್ಲಿ ಕಪ್ ಕೊಂಡ ಅಂತ ಗಲಾಟೆಯಾಗಿ, ಮುಂದಿನ ವರ್ಷದಿಂದ ಜೂನ್ 15 ಗಡುವಾಯಿತು. 1986ರಲ್ಲಿ ಜುಲೈ 31ಕ್ಕೆ ಬಂತು. ಆಮೇಲೂ ಆಗಸ್ಟಿನಲ್ಲಿ ಹಿಂಬಾಗಿಲು ತೆರೆದೇ ಇತ್ತು. 2019ರಲ್ಲಿ ಅದಕ್ಕೂ ಅಗುಳಿ ಹಾಕಿದರು.

ಈಗ ನಮ್ಮನೆ ಕಥೆಗೆ ಬರ್ತೀನಿ. 2010ರಲ್ಲಿ ಜೈಂಟ್ಸ್ ಚಾಂಪಿಯನ್ನರು. 2011ರ ಮೇ ತಿಂಗಳಲ್ಲಿ ವಿಕೆಟ್ ಕೀಪರ್ ಹಾಗೆ ಬ್ಯಾಟ್ ಹಿಡಿದೋನ ಹಿಂದೆ ಕೂರೋ ಕ್ಯಾಚರ್ ಬಸ್ಟರ್ ಪೋಸಿಗೆ ಒಬ್ಬ ಓಡಿಬಂದು ಡಿಕ್ಕಿ ಹೊಡೆದು ಕಾಲು ಮುರೀತು. ಬ್ಯಾಟಿಂಗ್ ಬಡವಾಯಿತು. ಆದರೂ ಜುಲೈ ಕೊನೆಗೆ ನಾವೇ ಮುಂದೆ ಇದ್ದೆವು. ಮೆಟ್ಸಿನಿಂದ ಕಾರ್ಲೋಸ್ ಬೆಲ್ಟ್ರಾನ್ ಬರ್ತಾನಂತೆ ಅಂದಾಗ ನಾನು ಆಫೀಸಿನಲ್ಲಿ ಎಲ್ಲರಿಗೂ ಮೈಸೂರುಪಾಕ್ ಹಂಚಿದ್ದೆ. ಬದಲಿಗೆ ಕೊಟ್ಟದ್ದು ಝ್ಯಾಕ್ ವೀಲರ್ ಅನ್ನೋ ಇಪ್ಪತ್ತೊಂದರ ಹುಡುಗನನ್ನ. ಅವನು ಆಗ ಸ್ಯಾನ್ ಹೋಸೆಯಲ್ಲಿ ನಮ್ಮ ಕೆಳಗಿನ ತಂಡಕ್ಕೆ ಪಿಚ್ ಮಾಡ್ತಿದ್ದ, ಅಂದರೆ ಬೌಲರ್ ಹಾಗೆ ಚೆಂಡು ಎಸೀತಿದ್ದ. ಆ ಮೈದಾನ ನೋಡಿದೀರಲ್ಲ, ಬಾರ್ಬೆಕ್ಯೂ ಹೊಗೆ ಕಣ್ಣಿಗೆ ಬರುತ್ತೆ, ಪಿಚರ್ ಉಸಿರು ಬಿಟ್ಟದ್ದು ಕೇಳಿಸುತ್ತೆ, ಅಷ್ಟು ಹತ್ತಿರ. ಆ ಬೇಸಿಗೆಯಲ್ಲಿ ಅವನನ್ನ ನಾನು ಅಲ್ಲಿ ನೋಡಿದ್ದೆ. ಅವನ ಚೆಂಡು ಕ್ಯಾಚರ್ ಗ್ಲೌಸಿಗೆ ಬಿದ್ದರೆ ಒನಕೆಯಿಂದ ಭತ್ತ ಕುಟ್ಟಿದ ಸದ್ದು. ಕೊಟ್ಟರೆ ಕೊಡಲಿ, ಇಂಥ ಹುಡುಗರು ಹತ್ತು ಜನ ಸಿಗ್ತಾರೆ ಅಂದೆ.

ಬೆಲ್ಟ್ರಾನ್ ಚೆನ್ನಾಗೇ ಆಡಿದ, ಸುಳ್ಳು ಹೇಳಬಾರದು. 44 ಪಂದ್ಯ, .323 ಸರಾಸರಿ, ಅಂದರೆ ನೂರು ಸರದಿಗೆ ಸುಮಾರು 32 ಹಿಟ್, ಹೊಡೆದು ಬೇಸ್ ಮುಟ್ಟಿದ್ದು. ಆದರೆ ಮಧ್ಯದಲ್ಲಿ ಕೈ ನೋವು ಅಂತ ಒಂದಷ್ಟು ದಿನ ಕೂತ. ತಂಡ ಮುಳುಗಿತು, ಅರಿಜೋನಾಗಿಂತ ಎಂಟು ಪಂದ್ಯ ಹಿಂದೆ ನಿಂತಿತು. ಅವನು ಗಂಟುಮೂಟೆ ಕಟ್ಟಿದ. ಆ ವೀಲರ್ ಮುಂದೆ ಫಿಲಡೆಲ್ಫಿಯಾದಲ್ಲಿ ಈ ಕಾಲದ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬನಾಗಿ, 2021ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿಗೆ ಎರಡನೇ ಸ್ಥಾನದಲ್ಲಿ ನಿಂತ. ನನ್ನ ಮೈಸೂರುಪಾಕು ಇವತ್ತಿಗೂ ಅರಗಿಲ್ಲ.

ಮರುವರ್ಷದ ಜುಲೈನಲ್ಲಿ ಏನಾಯ್ತು ನೋಡಿ. ಎಲ್ಲರ ಬಾಯಲ್ಲೂ ಹಂಟರ್ ಪೆನ್ಸ್, ಫಿಲಡೆಲ್ಫಿಯಾದಿಂದ ಬಂದೋನು. ಅದಕ್ಕೆ ನಾಲ್ಕು ದಿನ ಮುಂಚೆ ಕೊಲರಾಡೊದಿಂದ ಮಾರ್ಕೊ ಸ್ಕುಟಾರೊ ಬಂದಿದ್ದ. ವಯಸ್ಸು 36, ವೆನೆಜುವೆಲಾದವನು, ಸುತ್ತದ ತಂಡ ಇಲ್ಲ. ನಾನು ಆ ಸುದ್ದಿಯನ್ನ ಪೂರ್ತಿ ಓದಲೂ ಇಲ್ಲ, ಬೆಂಚಿಗೊಬ್ಬ ಅಂದ್ಕೊಂಡೆ. ಆತ ಉಳಿದ 61 ಪಂದ್ಯದಲ್ಲಿ .362 ಹೊಡೆದ. ಸೇಂಟ್ ಲೂಯಿಸ್ ಎದುರಿನ ಪ್ಲೇಆಫ್ ಸರಣಿಯಲ್ಲಿ ಎದುರಾಳಿ ಜಾರಿಬಂದು ಅವನ ಕಾಲ ಮೇಲೇ ಬಿದ್ದ. ಕುಂಟ್ಕೊಂಡೇ ಆಡಿ 28ಕ್ಕೆ 14 ಹಿಟ್, ಸರಣಿಶ್ರೇಷ್ಠ. ಏಳನೇ ಪಂದ್ಯದ ಕೊನೆಗೆ ಧಾರಾಕಾರ ಮಳೆ. ಸ್ಕುಟಾರೊ ಎರಡೂ ಕೈ ಚಾಚಿ, ಮುಖ ಮೇಲೆತ್ತಿ ಮಳೆಗೆ ಒಡ್ಡಿ ನಿಂತಿದ್ದ. ಕೊನೇ ಕ್ಯಾಚೂ ಅವನ ಕೈಗೇ ಬಂತು. ಆಮೇಲಿನ ಫೈನಲ್, ಅಂದರೆ ವಿಶ್ವ ಸರಣಿ, ಗೆಲ್ಲಿಸಿದ ಹೊಡೆತವೂ ಅವನದೇ, ಒಂಬತ್ತು ಇನಿಂಗ್ಸಿಗೆ ಸಮ ಆಗಿ ಮುಂದುವರಿದ ಹತ್ತನೇ ಇನಿಂಗ್ಸಿನಲ್ಲಿ.

ಅದಕ್ಕೇ ನಾನು ಗಡುವಿನ ರಾತ್ರಿ ಯಾರು ಗೆದ್ದರು ಯಾರು ಸೋತರು ಅಂತ ಟಿವಿಯಲ್ಲಿ ಮಾರ್ಕ್ಸ್ ಕೊಡೋರನ್ನ ನಂಬೋದು ಬಿಟ್ಟಿದ್ದೀನಿ. 1964ರಲ್ಲಿ ಶಿಕಾಗೊ ಕಬ್ಸ್ ಲೂ ಬ್ರಾಕನ್ನ ಕೊಟ್ಟು ಪಿಚರ್ ಅರ್ನಿ ಬ್ರೋಲಿಯೊನ ತಂದಾಗ ಕಬ್ಸೇ ಗೆದ್ದರು ಅಂದವರು ತುಂಬ ಜನ. ಬ್ರೋಲಿಯೊ ಕಬ್ಸಿಗೆ ಗೆದ್ದುಕೊಟ್ಟದ್ದು ಒಟ್ಟು ಏಳು ಪಂದ್ಯ. ಬ್ರಾಕ್ ಬೇಸ್‌ಬಾಲಿನ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮಿಗೆ ಹೋದ. 1987ರಲ್ಲಿ ಡೆಟ್ರಾಯಿಟ್ ಪಿಚರ್ ಡಾಯ್ಲ್ ಅಲೆಕ್ಸಾಂಡರನ್ನ ತಂದಿತು, ಆತ 9 ಗೆದ್ದು ಒಂದೂ ಸೋಲಲಿಲ್ಲ, ತಂಡ ಪ್ಲೇಆಫ್ ಸೇರಿತು. ಕೊಟ್ಟದ್ದು ಜಾನ್ ಸ್ಮೋಲ್ಟ್ಜ್ ಅನ್ನೋ ಹುಡುಗನನ್ನ, ಮುಂದೆ ಅವನೂ ಹಾಲ್ ಆಫ್ ಫೇಮ್ ಸೇರಿದ ಪಿಚರ್. ಇದನ್ನ ಲಾಭ ಅಂತೀರೋ ನಷ್ಟ ಅಂತೀರೋ? ಡೆಟ್ರಾಯಿಟಿನವರನ್ನ ಕೇಳಿದರೆ ಒಂದೇ ಮನೆಯಲ್ಲಿ ಎರಡು ಉತ್ತರ ಬರುತ್ತೆ.

ಇನ್ನು ಆಟಗಾರನ ಕಡೆಯಿಂದ ನೋಡೋಣ. 1982ರ ಆಗಸ್ಟ್ 4ರಂದು ಜೋಯೆಲ್ ಯಂಗ್‌ಬ್ಲಡ್ ಮಧ್ಯಾಹ್ನ ಶಿಕಾಗೊದಲ್ಲಿ ಮೆಟ್ಸ್ ಪರ ಒಂದು ಹಿಟ್ ಹೊಡೆದ. ಪಂದ್ಯದ ಮಧ್ಯೆಯೇ ನಿನ್ನನ್ನ ಮಾಂಟ್ರಿಯಲ್‌ಗೆ ಕೊಟ್ಟಿದೀವಿ ಅಂದರು. ವಿಮಾನ ಹತ್ತಿ ಫಿಲಡೆಲ್ಫಿಯಾಗೆ ಹೋಗಿ ಅದೇ ರಾತ್ರಿ ಹೊಸ ತಂಡಕ್ಕೂ ಒಂದು ಹಿಟ್ ಹೊಡೆದ. ಒಂದೇ ದಿನ, ಎರಡು ಊರು, ಎರಡು ತಂಡ. ಎರಡು ಕಡೆಯ ಪಿಚರ್‌ಗಳೂ, ಫರ್ಗುಸನ್ ಜೆಂಕಿನ್ಸ್ ಮತ್ತು ಸ್ಟೀವ್ ಕಾರ್ಲ್ಟನ್, ಹಾಲ್ ಆಫ್ ಫೇಮಿನವರು. ನಗು ಬರುತ್ತೆ, ನಿಜ. ಆದರೆ 1969ರಲ್ಲಿ ಕರ್ಟ್ ಫ್ಲಡ್ ಅನ್ನೋ ಕಪ್ಪು ಆಟಗಾರ, ಹನ್ನೆರಡು ವರ್ಷ ಸೇಂಟ್ ಲೂಯಿಸಿಗೆ ಆಡಿದ ಮೇಲೆ, ನನ್ನನ್ನ ಕೇಳದೆ ಮಾರೋದಕ್ಕೆ ನಾನೇನು ಸಂತೆ ದನವಾ ಅನ್ನೋ ಅರ್ಥದಲ್ಲೇ ಫಿಲಡೆಲ್ಫಿಯಾಗೆ ಹೋಗಲ್ಲ ಅಂದ. ಸುಪ್ರೀಂ ಕೋರ್ಟಿನವರೆಗೆ ಹೋದ. 1972ರಲ್ಲಿ 5–3ರಿಂದ ಸೋತ. ಅವನ ಆಟದ ಬದುಕೂ ಮುಗೀತು. ಮರುವರ್ಷ ಬಂದ ನಿಯಮದ ಪ್ರಕಾರ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ಟ್ರೇಡ್ ಬೇಡ ಅನ್ನಬಹುದು. ಈಗಿನವರು ಅನುಭವಿಸೋ ಹಕ್ಕಿನ ಹಿಂದೆ ಅವನಿದ್ದಾನೆ.

ವಿಲ್ಮರ್ ಫ್ಲೋರೆಸ್‌ಗೆ ಆ ಹಕ್ಕು ಇರಲಿಲ್ಲ. ಹದಿನಾರನೇ ವಯಸ್ಸಿಗೆ ಮೆಟ್ಸ್ ಸೇರಿದ ಹುಡುಗ. 2015ರ ಜುಲೈ 29ರ ರಾತ್ರಿ ಆಟ ನಡೀತಿರುವಾಗಲೇ ಸುದ್ದಿ ಹಬ್ಬಿತು, ಫ್ಲೋರೆಸ್ ಮತ್ತು ವೀಲರ್ ಇಬ್ಬರನ್ನೂ ಮಿಲ್ವಾಕಿಗೆ ಕೊಡ್ತಾರೆ ಅಂತ. ಹೌದು, ಅದೇ ವೀಲರ್. ಜನ ಎದ್ದು ನಿಂತು ಬೀಳ್ಕೊಡುಗೆಯ ಚಪ್ಪಾಳೆ ತಟ್ಟಿದರು. ಇವನಿಗೆ ಆಗ ಗೊತ್ತಾಯಿತು. ಮತ್ತೆ ಫೀಲ್ಡಿಗೆ ಇಳಿದು ತೋಳಿನಲ್ಲಿ ಕಣ್ಣು ಒರೆಸ್ಕೊಂಡು ನಿಂತ. ವೈದ್ಯಕೀಯ ವರದಿಯ ಕೊಸರಾಟದಲ್ಲಿ ಆ ವ್ಯಾಪಾರ ಮುರಿದುಬಿತ್ತು. ಎರಡು ದಿನ ಬಿಟ್ಟು ಹನ್ನೆರಡನೇ ಇನಿಂಗ್ಸಿನಲ್ಲಿ ಹೋಮ್ ರನ್ ಹೊಡೆದು ಅವನೇ ಪಂದ್ಯ ಗೆಲ್ಲಿಸಿದ.

ಇದೇ ಫ್ಲೋರೆಸ್ 2020ರಲ್ಲಿ ನಮ್ಮ ಜೈಂಟ್ಸಿಗೆ ಬಂದ. 2021ರಲ್ಲಿ ನಾವು 107 ಪಂದ್ಯ ಗೆದ್ದೆವು, ನಮ್ಮ ಹಳೇ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ 106. ಗಡುವಿನ ಹಿಂದಿನ ದಿನ ಪಿಚರ್ ಮ್ಯಾಕ್ಸ್ ಶರ್ಜರ್ ಸ್ಯಾನ್ ಡಿಯೇಗೊಗೆ ಅಂತ ಸುದ್ದಿ, ಬೆಳಗಾಗೋದರೊಳಗೆ ಡಾಡ್ಜರ್ಸ್ ಪಾಲು. ನಮಗೆ ಕೊನೇ ನಿಮಿಷದಲ್ಲಿ ಕ್ರಿಸ್ ಬ್ರಯಂಟ್ ಸಿಕ್ಕ. ಅಕ್ಟೋಬರ್ 14, ಡಾಡ್ಜರ್ಸ್ ಎದುರಿನ ಪ್ಲೇಆಫ್ ಸರಣಿಯ ಐದನೇ, ಕೊನೇ ಪಂದ್ಯ, ನಾವು 1–2 ಹಿಂದೆ, ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್. ಮೊದಲ ಬೇಸಿನಲ್ಲಿ ಬ್ರಯಂಟ್, ಪಿಚ್ ಮಾಡೋನು ಶರ್ಜರ್, ಬ್ಯಾಟ್ ಹಿಡಿದೋನು ಫ್ಲೋರೆಸ್. ಆ ವರ್ಷದ ಗಡುವಿನಲ್ಲಿ ನಾವು ತಂದವನು, ಅವರು ತಂದವನು, ಹಿಂದೊಮ್ಮೆ ಗಡುವಿನಲ್ಲಿ ಅತ್ತವನು, ಮೂವರೂ ಒಂದೇ ಚೌಕಟ್ಟಿನಲ್ಲಿ. ಫ್ಲೋರೆಸ್ ಬ್ಯಾಟ್ ಅರ್ಧ ಬೀಸಿ ತಡೆದ. ಅಂಪೈರ್ ಬೀಸಿದ್ದಾನೆ ಅಂದ, ಔಟ್, ಆಟ ಮುಗೀತು, ನಾವು ಸೋತೆವು. ಬೀಸಿರಲಿಲ್ಲ ಸ್ವಾಮಿ. ಇದನ್ನ ನಾನು ಯಾವ ವೇದಿಕೆಯಲ್ಲಾದರೂ ಹೇಳ್ತೀನಿ, ಅಧ್ಯಕ್ಷರು ಗಂಟೆ ಬಾರಿಸಿದರೂ ಹೇಳ್ತೀನಿ.

2025ರಲ್ಲಿ ಮಾರಿದ್ದು ಯಾರು ಗೊತ್ತಾ? ಬಸ್ಟರ್ ಪೋಸಿಯೇ. ಕಾಲು ಮುರಿಸಿಕೊಂಡಿದ್ದ ಆ ಕ್ಯಾಚರ್ ಈಗ ತಂಡದ ಬೇಸ್‌ಬಾಲ್ ವಿಭಾಗದ ಮುಖ್ಯಸ್ಥ. ತಂಡ ಜುಲೈ ಕೊನೆಯಲ್ಲಿ ಸಾಲಾಗಿ ಸೋತಿತ್ತು, ಮಾರದೆ ವಿಧಿ ಇರಲಿಲ್ಲ ಅಂತ ನನ್ನ ಬುದ್ಧಿ ಒಪ್ಪುತ್ತೆ. ಟೈಲರ್ ರೋಜರ್ಸಿಗೆ ಮೂವರು ಸಿಕ್ಕರು, ಒಳ್ಳೇ ಬೆಲೆಯೇ. ಅವನ ಅವಳಿ ಅಣ್ಣ ಟೇಲರ್ ಅದೇ ವಾರ ಸಿನ್ಸಿನಾಟಿಯಿಂದ ಪಿಟ್ಸ್‌ಬರ್ಗಿಗೆ ಹೋಗಿ, ಮಾರನೇ ದಿನವೇ ಅಲ್ಲಿಂದ ಶಿಕಾಗೊಗೆ ಮತ್ತೆ ಮಾರಾಟವಾದ. ಅವರಮ್ಮ ಯಾವ ಊರಿನ ಹವಾಮಾನ ನೋಡ್ಕೋಬೇಕು ಹೇಳಿ.

ಮಗಳ ಪ್ರಶ್ನೆಗೆ ಆ ಸಂಜೆ ನಾನು ಮೈಕ್ ಯಸ್ಟ್ರೆಮ್‌ಸ್ಕಿಯ ಅಜ್ಜನ ಕಥೆ ಹೇಳಿದೆ. ಅಜ್ಜ ಕಾರ್ಲ್, 1961ರಿಂದ 1983ರವರೆಗೆ 23 ಸೀಸನ್ ಬಾಸ್ಟನ್ ರೆಡ್ ಸಾಕ್ಸ್ ಬಿಟ್ಟು ಕದಲಲಿಲ್ಲ. ಮೊಮ್ಮಗ ನಮ್ಮಲ್ಲಿಗೆ ಬಂದದ್ದೂ ಬಾಲ್ಟಿಮೋರಿನ ಜೊತೆ 2019ರಲ್ಲಿ ಮಾಡಿದ ಸಣ್ಣ ಟ್ರೇಡಿನಿಂದಲೇ, ಯಾರೂ ಗಮನಿಸದ ಟ್ರೇಡು. ಆರು ವರ್ಷ ಇದ್ದ, ಹೋದ. ಅವಳು ಎಲ್ಲ ಕೇಳಿ, "ಅದು ಸರಿ, ಜರ್ಸಿ ಹಾಕ್ಕೋಬಹುದಾ ಇಲ್ವಾ?" ಅಂದಳು. ಹಾಕ್ಕೋ ಅಂದೆ. ಆಗಸ್ಟಿನಲ್ಲಿ ಹಾಕ್ಕೊಂಡೇ ಮೈದಾನಕ್ಕೆ ಬಂದಳು. ಮೆಟ್ಟಿಲ ಹತ್ತಿರ ಅಪರಿಚಿತ ಅಜ್ಜಿಯೊಬ್ಬರು ಅವಳ ಬೆನ್ನು ನೋಡಿ ಏನೂ ಹೇಳದೆ ಭುಜ ತಟ್ಟಿ ಹೋದರು. ಅವರ ಬೆನ್ನ ಮೇಲೂ ಐದೇ ಇತ್ತು.

ಈಗ ಅವಳು ಸ್ಯಾನ್ ಹೋಸೆ ಮೈದಾನದಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಪಿಚರನ್ನ ಮೆಚ್ಚಿಕೊಂಡಿದ್ದಾಳೆ. ಅವನ ಹೆಸರಿನ ಜರ್ಸಿ ಬೇಕಂತೆ. ಆಗಸ್ಟ್ ಬರಲಿ, ನೋಡೋಣ ಅಂದಿದ್ದೀನಿ.

ನಮಸ್ಕಾರ.