ಗುಬ್ಬಚ್ಚಿ ಗಾತ್ರದ ಗಿಳಿ ಯಾರ ನೆಂಟ?

[ತೆರೆಯ ಮೇಲೆ: ಬೇಲಿಗೂಟದ ಮೇಲೆ ಕೂತ ಪುಟ್ಟ ಹಸಿರು ಗಿಳಿ]

ಮರಿ ಅಂದ್ಕೊಂಡ್ರಾ? ಇಲ್ಲ, ಇದು ಬೆಳೆದ ಗಿಳಿ. ಉದ್ದ ಸುಮಾರು 12 ಸೆಂಟಿಮೀಟರ್, ತೂಕ 25 ಗ್ರಾಂ ಆಸುಪಾಸು. ಹೆಸರು ಗ್ರೀನ್ ರಂಪ್ಡ್ ಪ್ಯಾರಟ್‌ಲೆಟ್. ವೆನೆಜುವೆಲಾ, ಕೊಲಂಬಿಯಾ, ಗಯಾನಾ ಕಡೆಯದು. ಗಂಡಿನ ರೆಕ್ಕೆಯಲ್ಲಿ ನೀಲಿ ಇರುತ್ತದೆ, ಹೆಣ್ಣು ಪೂರ್ತಿ ಹಸಿರು.

ಮೊಂಡು ಬಾಲ, ದಪ್ಪ ತಲೆ, ಜೋಡಿ ಬಿಟ್ಟಿರದ ಸ್ವಭಾವ. ಲವ್ ಬರ್ಡ್ ಜಾತಿಯೇ ಅಲ್ವಾ ಅನಿಸುತ್ತದೆ. (ನಮ್ಮ ಅಂಗಡಿಗಳಲ್ಲಿ ಆ ಹೆಸರಲ್ಲಿ ಜಾಸ್ತಿ ಮಾರುವುದು ಆಸ್ಟ್ರೇಲಿಯಾದ ಬಜ್ರಿಗರ್. ನಾನು ಹೇಳ್ತಿರೋದು ಆಫ್ರಿಕಾದ ಅಸಲಿ ಲವ್ ಬರ್ಡ್.)

[ತೆರೆಯ ಮೇಲೆ: ಎರಡೂ ಹಕ್ಕಿಗಳು ಅಕ್ಕಪಕ್ಕ]

1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಪ್ಯಾರಟ್‌ಲೆಟ್‌ಗೆ ಹೆಸರಿಟ್ಟಾಗ ಯಾರು ಯಾರ ನೆಂಟ ಅನ್ನುವ ತಲೆನೋವೇ ಇರಲಿಲ್ಲ. ಮಕಾವ್ ಅನ್ನುವ ದೊಡ್ಡ ಗಿಳಿ ಇರಲಿ, ಈ ಪುಟಾಣಿ ಇರಲಿ, ಎಲ್ಲ ಗಿಳಿಗಳೂ ಸಿಟ್ಟಕಸ್ ಅನ್ನುವ ಒಂದೇ ಕುಲ. ಸರಿಯಾಗಿ ನೂರು ವರ್ಷದ ನಂತರ, 1858ರಲ್ಲಿ, ಬೋಯಿ ಎಂಬ ಜರ್ಮನ್ ವಿಜ್ಞಾನಿ ಫೋರ್ಪಸ್ ಅನ್ನುವ ಬೇರೆ ಕುಲ ಮಾಡಿದ. ಆಮೇಲೆ ಡಿಎನ್ಎ ಪರೀಕ್ಷೆ ಬಂತು. ಪ್ಯಾರಟ್‌ಲೆಟ್ ಹೋಗಿ ಸೇರಿದ್ದು ಮಕಾವ್‌ಗಳ ಗುಂಪಿಗೆ! ಮೂರಡಿ ಉದ್ದದ ಮಕಾವ್ ಇದಕ್ಕೆ ಹತ್ತಿರದ ನೆಂಟ, ಥೇಟ್ ಇದರಂತೆಯೇ ಕಾಣುವ ಲವ್ ಬರ್ಡ್ ದೂರದ್ದು.

ಹಾಗಾದರೆ ಲವ್ ಬರ್ಡ್ ಯಾರ ಕಡೆ? ನಮ್ಮ ಪಶ್ಚಿಮ ಘಟ್ಟದಲ್ಲಿ ಬಾವಲಿಯ ಹಾಗೆ ತಲೆಕೆಳಗಾಗಿ ಜೋತು ಮಲಗುವ ಪುಟ್ಟ ಗಿಳಿ ಇದೆಯಲ್ಲ, ಅದರ ಕಡೆ. ಈ ಕೊಂಡಿ ನನಗೆ ತುಂಬಾ ಇಷ್ಟ.

[ತೆರೆಯ ಮೇಲೆ: ಹುಲ್ಲುಗಾವಲಿನಲ್ಲಿ ನಿಲ್ಲಿಸಿದ ಪಿವಿಸಿ ಪೈಪ್]

ಇದು ಗೂಡು. ವೆನೆಜುವೆಲಾದ ಹುಲ್ಲುಗಾವಲಿನಲ್ಲಿ ಸಂಶೋಧಕರು ಇಂಥ ಪೈಪ್‌ಗಳನ್ನು ನಿಲ್ಲಿಸಿ ದಶಕಗಳ ಕಾಲ ಈ ಗಿಳಿಯನ್ನು ಗಮನಿಸಿದ್ದಾರೆ. ಒಳಗೆ ನೋಡಿದರೆ ಮಜಾ ಇದೆ. ತಾಯಿ ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವು ಕೊಡಲು ಕೂರುತ್ತಾಳೆ. ಹಾಗಾಗಿ ಮರಿಗಳೆಲ್ಲ ಒಟ್ಟಿಗೆ ಹೊರಬರುವುದಿಲ್ಲ. ದೊಡ್ಡದಕ್ಕೆ ಪುಕ್ಕ ಮೂಡುವ ಹೊತ್ತಿಗೆ ಕೊನೆಯದು ಇನ್ನೂ ಬೆತ್ತಲೆ ಕೂಸು.

ಪ್ರತಿ ಗಿಳಿಗೂ ತನ್ನದೇ ಒಂದು ಕೂಗು ಇರುತ್ತದೆ, ಹೆಚ್ಚುಕಡಿಮೆ ಹೆಸರಿನ ಹಾಗೆ. ಅದು ಹುಟ್ಟಿನಿಂದ ಬರುತ್ತದಾ, ಕಲಿತದ್ದಾ? ಕಾರ್ಲ್ ಬರ್ಗ್ ಎಂಬ ಸಂಶೋಧಕ ಮತ್ತು ಸಂಗಡಿಗರು ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದಕ್ಕೆ ಬದಲಿಸಿಬಿಟ್ಟರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಮರಿಗಳ ಕೂಗು ಹೆತ್ತವರದ್ದನ್ನಲ್ಲ, ಸಾಕಿದವರದ್ದನ್ನೇ ಹೋಲುತ್ತಿತ್ತು.