ಗ್ರೇಟ್ ಡೇನ್ ಸಾಕೋರಿಗೆ: ಮೂಳೆ, ಹೊಟ್ಟೆ, ನೆಲ

ನಮಸ್ಕಾರ. ತೆರೆ ಮೇಲೆ ಕಾಣ್ತಿರೋದು ಅಡುಗೆಮನೆ ತಕ್ಕಡಿ, ಅದರ ಮೇಲೆ 350 ಗ್ರಾಂ ಒಣ ಆಹಾರ. ಇದು ಬೆಳಗಿನ ಪಾಲು. ಸಂಜೆಗೂ ಇಷ್ಟೇ. ಗ್ರೇಟ್ ಡೇನ್ ಅನ್ನೋ ದೈತ್ಯ ಜಾತಿಯ ನಾಯಿ ಇರೋ ಮನೆಯಲ್ಲಿ ಕಣ್ಣಂದಾಜು ನಡೆಯಲ್ಲ, ಅದಕ್ಕೇ ಈ ವಿಡಿಯೋ ತಕ್ಕಡಿಯಿಂದಲೇ ಶುರು.

ಹುಟ್ಟಿದಾಗ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಇರೋ ಮರಿ ವರ್ಷ ತುಂಬೋಷ್ಟರಲ್ಲಿ 50 ಕೆಜಿ ಆಸುಪಾಸಿಗೆ ಬರುತ್ತೆ. ಬೆಳೆದ ಗಂಡುನಾಯಿ 55ರಿಂದ 80 ಕೆಜಿ. ಭುಜದ ಎತ್ತರ ಎರಡೂವರೆ ಅಡಿ ದಾಟುತ್ತೆ. ಇಷ್ಟು ಬೆಳೆಯೋ ದೇಹದ ಮೂಳೆ ಮಾತ್ರ ಗಟ್ಟಿಯಾಗೋಕೆ ಒಂದೂವರೆಯಿಂದ ಎರಡು ವರ್ಷ ತಗೊಳ್ಳುತ್ತೆ. ಅಂದ್ರೆ ನೋಡೋಕೆ ದೊಡ್ಡ ನಾಯಿ ಆಗಿರೋ ಒಂಬತ್ತು ತಿಂಗಳ ಡೇನ್ ಒಳಗೆ ಇನ್ನೂ ಮರಿಯೇ. ಈ ಜಾತಿಯಲ್ಲಿ ಆಗೋ ಅರ್ಧಕ್ಕರ್ಧ ಅನಾಹುತ ಇದನ್ನ ಮರೆಯೋದ್ರಿಂದ ಆಗುತ್ತೆ.

ಮೊದಲು ಕ್ಯಾಲ್ಸಿಯಂ ಸಿರಪ್ ವಿಷಯ. ಮರಿ ತಂದ ದಿನವೇ ಪೆಟ್ ಶಾಪ್‌ನವರು ಒಂದು ಬಾಟಲಿ ಕೈಗೆ ಕೊಡ್ತಾರೆ. ದೊಡ್ಡ ನಾಯಿ, ದೊಡ್ಡ ಮೂಳೆ, ಹಾಗಾಗಿ ಜಾಸ್ತಿ ಕ್ಯಾಲ್ಸಿಯಂ ಬೇಕು ಅನ್ನೋದು ಅವರ ಲೆಕ್ಕ. ಈ ಲೆಕ್ಕ ತಪ್ಪು. ಬೆಳೆದ ನಾಯಿಯ ಕರುಳು ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಮಿಕ್ಕಿದ್ದನ್ನ ಹೊರಗೆ ಬಿಡುತ್ತೆ. ಎಳೆಯ ಮರಿಗೆ ಆ ಹಿಡಿತ ಇರಲ್ಲ, ಸುಮಾರು ಆರು ತಿಂಗಳವರೆಗೆ ಕೊಟ್ಟಷ್ಟೂ ರಕ್ತಕ್ಕೆ ಸೇರ್ತಾ ಹೋಗುತ್ತೆ. ಹೆಚ್ಚಾದ ಕ್ಯಾಲ್ಸಿಯಂ ಮೃದ್ವಸ್ಥಿ ಮೂಳೆಯಾಗಿ ಮಾರ್ಪಡೋ ಕ್ರಮವನ್ನೇ ಕೆಡಿಸುತ್ತೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಲ್ಲೇ ಇದನ್ನ ತೋರಿಸಿಕೊಟ್ರು. ನಮ್ಮಲ್ಲಿ ಆಗೋದು ಏನಂದ್ರೆ, ಮುಂಗಾಲು ಸೊಟ್ಟ ಆಗ್ತಿದೆ ಅಂತ ಇನ್ನೆರಡು ಚಮಚ ಸಿರಪ್ ಸೇರಿಸ್ತಾರೆ, ಕಾಲು ಇನ್ನಷ್ಟು ಸೊಟ್ಟ ಆಗುತ್ತೆ. ಮರಿ ಒಳ್ಳೆ ಪಪ್ಪಿ ಆಹಾರ ತಿಂತಿದ್ರೆ ಸಿರಪ್ ಬೇಡ. ಡಾಕ್ಟರು ರಕ್ತಪರೀಕ್ಷೆ, ಎಕ್ಸ್‌ರೇ ನೋಡಿ ಬರೆದುಕೊಟ್ರೆ ಆ ಮಾತು ಬೇರೆ.

ಆಹಾರದ ಚೀಲದ ಹಿಂಬದಿ ಓದಿ. ಲಾರ್ಜ್ ಬ್ರೀಡ್ ಅಥವಾ ಜೈಂಟ್ ಬ್ರೀಡ್ ಪಪ್ಪಿ ಅಂತ ಬರೆದಿರಬೇಕು. ಕ್ಯಾಲ್ಸಿಯಂ ಶೇಕಡ 1ರಿಂದ 1.5ರೊಳಗೆ ಇದ್ರೆ ಒಳ್ಳೇದು, 1.8 ದಾಟಿದ್ರೆ ಆ ಚೀಲ ಬಿಟ್ಬಿಡಿ. ಇದೇ ಆಹಾರವನ್ನ 18 ತಿಂಗಳವರೆಗೆ ಮುಂದುವರಿಸಿ. ಪ್ರೋಟೀನ್ ಜಾಸ್ತಿ ಆದ್ರೆ ಮೂಳೆ ಕೆಡುತ್ತೆ ಅನ್ನೋ ಮಾತೂ ಓಡಾಡುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಮೂಳೆ ಕೆಡಿಸೋದು ಕ್ಯಾಲ್ಸಿಯಂ ಮತ್ತು ಒಟ್ಟಾರೆ ಅತಿಯಾದ ಊಟ. 1974ರಷ್ಟು ಹಿಂದೆಯೇ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಗಿತ್ತು. ಒಂದಷ್ಟು ಮರಿಗಳಿಗೆ ಬೇಕಾದಷ್ಟು ತಿನ್ನೋಕೆ ಬಿಟ್ರು, ಉಳಿದವಕ್ಕೆ ಅದರ ಮೂರನೇ ಎರಡು ಪಾಲು ಮಾತ್ರ ಕೊಟ್ರು. ಮೂಳೆಯ ತೊಂದರೆ ಕಾಣಿಸಿಕೊಂಡಿದ್ದು ಹೊಟ್ಟೆತುಂಬ ತಿಂದ ಗುಂಪಿನಲ್ಲಿ.

ಹಾಗಾಗಿ ಡೇನ್ ಮರಿ ದುಂಡಗಿರಬಾರದು. ನೆಂಟರು ಬಂದು "ಏನು, ಊಟ ಹಾಕಲ್ವಾ ಇದಕ್ಕೆ?" ಅಂತ ಕೇಳೋ ಹಾಗೆ ಇರಬೇಕು. ಕೊನೆಯ ಎರಡು ಮೂರು ಪಕ್ಕೆಲುಬು ತೆಳ್ಳಗೆ ಕಾಣಬೇಕು, ಕೈಯಾಡಿಸಿದ್ರೆ ಎಲ್ಲಾ ಪಕ್ಕೆಲುಬೂ ಸಿಗಬೇಕು, ಮೇಲಿಂದ ನೋಡಿದ್ರೆ ಸೊಂಟ ಒಳಕ್ಕೆ ಬಾಗಿರಬೇಕು. ಆದ್ರೆ ಬೆನ್ನುಮೂಳೆ, ಸೊಂಟದ ಮೂಳೆ ಎದ್ದು ಕಂಡ್ರೆ ಅದು ಸೊರಗಿರೋದು, ಜಂತುಹುಳು ಪರೀಕ್ಷೆ ಮಾಡಿಸಿ. ಮರಿಯ ತೂಕ ವಾರಕ್ಕೊಮ್ಮೆ ನೋಡಿ. ಮೊದಮೊದಲು ಮರಿಯನ್ನ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆದ್ರೆ ಸಾಕು. ಎತ್ತೋಕೆ ಆಗದ ಹೊತ್ತಿಗೆ ಕ್ಲಿನಿಕ್ಕಿನ ಯಂತ್ರ, ಇಲ್ಲಾಂದ್ರೆ ಗುಜರಿ ಅಂಗಡಿಯಲ್ಲಿ ನೆಲಕ್ಕಿಟ್ಟಿರೋ ದೊಡ್ಡ ತಕ್ಕಡಿ.

ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಜೀವಮಾನ ಪೂರ್ತಿ ಎರಡು. ಒಂದೇ ಊಟಕ್ಕೆ ಇಳಿಸಬೇಡಿ, ಕಾರಣ ಮುಂದೆ ಹೇಳ್ತೀನಿ. 60 ಕೆಜಿಯ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 2400ರಿಂದ 3000 ಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಅದು 650ರಿಂದ 800 ಗ್ರಾಂ. ತಿಂಗಳಿಗೆ 20 ಕೆಜಿಯ ಒಂದು ಚೀಲ ಪೂರ್ತಿ ಖಾಲಿ, ಎರಡನೇದಕ್ಕೂ ಕೈ ಹಾಕಬೇಕಾಗಬಹುದು. ಈ ಖರ್ಚು ಕೂಡಿಸಿ ನೋಡಿದ ಮೇಲೇ ಮರಿ ತರೋ ಯೋಚನೆ ಮಾಡಿ.

ಮನೆ ಊಟದ ಬಗ್ಗೆ. ನಮ್ಮ ಕಡೆ ರಾಗಿ ಅಂಬಲಿ, ಮುದ್ದೆ, ಅನ್ನ, ಕೋಳಿ ಹಾಕಿ ಸಾಕೋರು ಬಹಳ. ಬೆಳೆದ ನಾಯಿಗೆ ಪಶು ಆಹಾರ ತಜ್ಞರ ಹತ್ತಿರ ಲೆಕ್ಕ ಹಾಕಿಸಿಕೊಂಡು ಇದನ್ನ ಮಾಡಬಹುದು. ಬೆಳೆಯೋ ಮರಿಗೆ ಅಂದಾಜಿನ ಮನೆ ಊಟ ಅಪಾಯ. ಬರೀ ಮಾಂಸ-ಅನ್ನ ಹಾಕಿದ್ರೆ ಕ್ಯಾಲ್ಸಿಯಂ ತೀರಾ ಕಮ್ಮಿ ಆಗಿ ಮೂಳೆ ಮುರಿಯೋ ಮಟ್ಟಕ್ಕೆ ಹೋಗುತ್ತೆ. ಅದಕ್ಕೆ ಮೂಳೆ ಪುಡಿ ಸುರಿದ್ರೆ ಅತಿ ಆಗುತ್ತೆ. ರಾಗಿ ಹಿಟ್ಟಿನಲ್ಲೇ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಲೆಕ್ಕ ಹಾಕೋವಾಗ ಅದನ್ನೂ ಹಿಡೀಬೇಕು. ಸಾರಿನ ಅನ್ನ ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಬೇಯಿಸಿದ ಕೋಳಿ ಮೂಳೆ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಈಗ ನೆಲ ನೋಡಿ. ಇದು ನಮ್ಮ ಮನೆಗಳ ದೊಡ್ಡ ಸಮಸ್ಯೆ. ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಹಾಕಿದ ಗ್ರಾನೈಟ್ ಮೇಲೆ ಹಿಂಗಾಲು ಜಾರಿ ಜಾರಿ ಸೊಂಟದ ಕೀಲು ಸಡಿಲ ಆಗುತ್ತೆ. ಗಟ್ಟಿ ನೆಲದ ಮೇಲೆ ದೊಪ್ಪನೆ ಮಲಗಿ ಮೊಣಕೈಯಲ್ಲಿ ನೀರುಗುಳ್ಳೆ ಬರುತ್ತೆ, ಅದಕ್ಕೆ ಹೈಗ್ರೋಮಾ ಅಂತಾರೆ. ಅದಕ್ಕೆ ಸೂಜಿ ಚುಚ್ಚಿ ನೀರು ತೆಗೆಸೋ ಆತುರ ಬೇಡ, ಸೋಂಕು ತಗುಲಿದ್ರೆ ವಾಸಿಯಾಗೋದು ಕಷ್ಟ. ಮೆತ್ತಗಿನ ಹಾಸಿಗೆ ಕೊಟ್ರೆ ಎಷ್ಟೋ ಸಲ ತಾನೇ ಇಳಿಯುತ್ತೆ. ದನದ ಕೊಟ್ಟಿಗೆಗೆ ಹಾಸೋ ರಬ್ಬರ್ ಮ್ಯಾಟ್ ಇದಕ್ಕೆ ಹೇಳಿ ಮಾಡಿಸಿದ್ದು. ಹೈನುಗಾರಿಕೆ ಸಾಮಾನು ಮಾರೋ ಅಂಗಡಿಯಲ್ಲಿ ಸಿಗುತ್ತೆ, ಜಾರಲ್ಲ, ಪೈಪ್ ಹಿಡಿದು ತೊಳೀಬಹುದು, ಹಸುವಿನ ಭಾರ ತಡೆಯೋದು ಡೇನ್ ಭಾರವನ್ನೂ ತಡೆಯುತ್ತೆ. ಓಡಾಡೋ ದಾರಿಗೆ ಅದು ಹಾಸಿ, ಮಲಗೋ ಕಡೆ ಅದರ ಮೇಲೆ ನಾಲ್ಕೈದು ಇಂಚಿನ ಗಟ್ಟಿ ಫೋಮ್. ಉಗುರು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ, ಉದ್ದ ಉಗುರಿನ ನಾಯಿ ಯಾವ ನೆಲದ ಮೇಲೂ ಜಾರುತ್ತೆ.

18 ತಿಂಗಳವರೆಗೆ ಬೈಕ್ ಪಕ್ಕ ಓಡಿಸೋದು, ಕಾರಿಂದ ಕೆಳಗೆ ಹಾರಿಸೋದು, ಮಹಡಿ ಮೆಟ್ಟಿಲು ಹತ್ತಿಳಿಸೋದು ಬೇಡ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಅದರ ಪಾಡಿಗೆ ಆಡಲಿ, ಸುಸ್ತಾದಾಗ ಮಲಗೋಕೆ ಬಿಡಿ. ಮೂರರಿಂದ ಆರು ತಿಂಗಳೊಳಗೆ ಮಣಿಕಟ್ಟು ಊದಿ, ಮುಟ್ಟಿದ್ರೆ ಬಿಸಿ ಇದ್ದು, ಜ್ವರ ಬಂದು ಮರಿ ಎದ್ದು ನಿಲ್ಲೋಕೇ ಒಪ್ಪದಿದ್ರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು ಕಾಲು ಕುಂಟಿದ್ರೆ ಪ್ಯಾನೋಸ್ಟೈಟಿಸ್ ಇರಬಹುದು. ಅದು ಬೆಳೆಯೋ ವಯಸ್ಸಿನ ನೋವು, ವಯಸ್ಸಿನ ಜೊತೆಗೇ ಹೋಗುತ್ತೆ. ನೋವಿಗೆ ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ.

ಈಗ ಹೊಟ್ಟೆ ತಿರುಚೋ ಕಾಯಿಲೆ. ದಯವಿಟ್ಟು ಈ ಭಾಗವನ್ನ ಮನೆಯವರೆಲ್ಲ ಕೂತು ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಇದನ್ನ ಜಿಡಿವಿ ಅಂತಾರೆ, ಮಾತಿನಲ್ಲಿ ಬ್ಲೋಟ್. ಡೇನ್‌ಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನಾಯಿಗಳಿಗೆ ಜೀವಮಾನದಲ್ಲಿ ಒಮ್ಮೆ ಇದು ಬರೋ ಸಂಭವ ಇದೆ. ಹೊಟ್ಟೆ, ಅಂದ್ರೆ ಊಟ ಹೋಗಿ ಸೇರೋ ಜಠರ, ಗಾಳಿ ತುಂಬಿ ಉಬ್ಬಿ, ತನ್ನ ಸುತ್ತ ತಾನೇ ತಿರುಗುತ್ತೆ. ಮೇಲೆ ಅನ್ನನಾಳ, ಕೆಳಗೆ ಕರುಳಿನ ಬಾಯಿ, ಎರಡೂ ಮುಚ್ಚಿಹೋಗುತ್ತೆ. ಉಬ್ಬಿದ ಹೊಟ್ಟೆ ದೊಡ್ಡ ರಕ್ತನಾಳ ಒತ್ತಿ ಹೃದಯಕ್ಕೆ ರಕ್ತ ವಾಪಸ್ ಬರೋದು ನಿಲ್ಲುತ್ತೆ. ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತೆ.

ಗುರುತು ಇದು: ವಾಂತಿ ಮಾಡೋಕೆ ಮತ್ತೆ ಮತ್ತೆ ಒದ್ದಾಡುತ್ತೆ, ಆದ್ರೆ ನೊರೆ ಜೊಲ್ಲು ಬಿಟ್ರೆ ಏನೂ ಬರಲ್ಲ. ಕೂತಲ್ಲಿ ಕೂರಲ್ಲ, ಹೊಟ್ಟೆ ಕಡೆ ತಿರುಗಿ ನೋಡುತ್ತೆ. ಪಕ್ಕೆಲುಬಿನ ಹಿಂದೆ ಎಡಗಡೆ ಬಿಗಿದಿರುತ್ತೆ. ಆದ್ರೆ ಆಳ ಎದೆಯ ನಾಯಿಯಲ್ಲಿ ಉಬ್ಬು ಪಕ್ಕೆಲುಬಿನೊಳಗೇ ಅಡಗಿರಬಹುದು, ಹಾಗಾಗಿ ಹೊಟ್ಟೆ ಊದಿಲ್ಲ ಅಂತ ಸುಮ್ಮನಿರಬೇಡಿ. ತುಟಿ ಎತ್ತಿ ವಸಡು ಒತ್ತಿ ಬಿಡಿ. ಎರಡು ಸೆಕೆಂಡಲ್ಲಿ ಗುಲಾಬಿ ಬಣ್ಣ ವಾಪಸ್ ಬರದೆ ಬೆಳ್ಳಗೇ ಉಳಿದ್ರೆ ನಾಯಿ ಶಾಕ್‌ಗೆ ಹೋಗ್ತಿದೆ, ಅಂದ್ರೆ ಮೈಯಲ್ಲಿ ರಕ್ತದ ಓಡಾಟ ಕುಸೀತಿದೆ ಅಂತ ಅರ್ಥ.

ಓಮದ ನೀರು, ಈನೋ, ಮಜ್ಜಿಗೆ, ಇದ್ಯಾವುದೂ ತಿರುಚಿದ ಹೊಟ್ಟೆಯೊಳಕ್ಕೆ ಹೋಗೋದೇ ಇಲ್ಲ. ಕುಡಿಸ್ತಾ ಕೂತ ಅರ್ಧ ಗಂಟೆ ಶಸ್ತ್ರಚಿಕಿತ್ಸೆಗೆ ಸಲ್ಲಬೇಕಾದ ಅರ್ಧ ಗಂಟೆ. ಮೊದಲು ಫೋನ್ ಮಾಡಿ, "ಜಿಡಿವಿ ಅನುಮಾನ, ಡೇನ್, ಇಷ್ಟು ಕೆಜಿ, ಸರ್ಜನ್ ಇದ್ದಾರಾ?" ಅಂತ ಕೇಳಿ. ಎಕ್ಸ್‌ರೇ, ಅರಿವಳಿಕೆ, ಸರ್ಜನ್ ಮೂರೂ ಇರೋ ಕಡೆಗೇ ಹೋಗಬೇಕು. ಅಂಥ ಆಸ್ಪತ್ರೆ ಯಾವುದು, ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆದಿರುತ್ತಾ, ಇದನ್ನ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರ ಇರೋರು ಅಲ್ಲಿನ ಆಸ್ಪತ್ರೆ ಸಮಯ ತಿಳಿದಿಟ್ಟುಕೊಳ್ಳಿ. ಕುಸಿದ 65 ಕೆಜಿ ನಾಯಿಯನ್ನ ಒಬ್ಬರು ಎತ್ತೋಕಾಗಲ್ಲ. ದಪ್ಪ ಜಮಖಾನದ ಮೇಲೆ ಎಳೆದು ಮಲಗಿಸಿ ನಾಲ್ಕು ಮೂಲೆ ಹಿಡಿದು ಎತ್ತಬೇಕು. ಅಕ್ಕಪಕ್ಕದವರಲ್ಲಿ ಯಾರನ್ನ ಕರೀತೀರಿ, ಯಾವ ಗಾಡಿಯಲ್ಲಿ ಹೋಗ್ತೀರಿ, ಆಟೋದಲ್ಲಂತೂ ಹಿಡಿಸಲ್ಲ, ಇದೂ ಮೊದಲೇ ಗೊತ್ತಿರಬೇಕು.

ಬರದಂತೆ ತಡೆಯೋಕೆ ಗ್ಯಾಸ್ಟ್ರೋಪೆಕ್ಸಿ ಅನ್ನೋ ಶಸ್ತ್ರಚಿಕಿತ್ಸೆ ಇದೆ. ಜಠರದ ಒಂದು ಭಾಗವನ್ನ ಬಲಗಡೆ ಹೊಟ್ಟೆಯ ಒಳಗೋಡೆಗೆ ಹೊಲಿದುಬಿಡ್ತಾರೆ. ಆಮೇಲೆ ಹೊಟ್ಟೆ ಉಬ್ಬಬಹುದು, ತಿರುಚೋದು ತೀರಾ ಅಪರೂಪ. ಸಂತಾನಹರಣದ ಜೊತೆಗೇ ಮಾಡಿಸಿದ್ರೆ ಅರಿವಳಿಕೆ ಒಂದೇ ಸಲ. ಡೇನ್ ಸಾಕೋರೆಲ್ಲ ಇದನ್ನ ಮಾಡಿಸಲೇಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಸಂತಾನಹರಣಕ್ಕೆ ಈ ಜಾತಿಯಲ್ಲಿ ಆತುರ ಬೇಡ, ಮೂಳೆ ಬೆಳವಣಿಗೆ ಮುಗಿಯೋವರೆಗೆ ಕಾಯೋದು ವಾಸಿ.

ದಿನಕ್ಕೆ ಒಂದೇ ದೊಡ್ಡ ಊಟ, ಗಬಗಬ ತಿನ್ನೋದು, ಎರಡೂ ಅಪಾಯ ಹೆಚ್ಚಿಸುತ್ತೆ. ತಟ್ಟೆಯನ್ನ ಸ್ಟ್ಯಾಂಡ್ ಮೇಲಿಟ್ರೆ ಒಳ್ಳೇದು ಅಂತ ಮಾರ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನ, 2000ದಲ್ಲಿ ಪ್ರಕಟವಾಗಿದ್ದು, ಎತ್ತರದ ತಟ್ಟೆಯಲ್ಲಿ ತಿನ್ನೋ ನಾಯಿಗಳಲ್ಲೇ ಅಪಾಯ ಹೆಚ್ಚು ಅಂತ ಕಂಡುಕೊಂಡಿತು. ತಟ್ಟೆ ನೆಲದ ಮೇಲಿರಲಿ. ಊಟಕ್ಕೆ ಒಂದು ಗಂಟೆ ಮುಂಚೆ, ಊಟ ಆಗಿ ಎರಡು ಗಂಟೆ ಓಡಾಟ ಬೇಡ. ಅಪ್ಪ ಅಮ್ಮ ಒಡಹುಟ್ಟಿದವಕ್ಕೆ ಬ್ಲೋಟ್ ಆಗಿದ್ರೆ ಮರಿಗೂ ಸಂಭವ ಜಾಸ್ತಿ. ಮರಿ ಕೊಳ್ಳೋವಾಗ ಇದನ್ನ ಕೇಳಿ. ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ. ಎಂಟು ವಾರ ತುಂಬದ ಮರಿ ಮಾರೋದು 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ನಿಷಿದ್ಧ, ಅದೂ ನೆನಪಿರಲಿ.

ಔಷಧಿ ಎಲ್ಲವೂ ತೂಕದ ಮೇಲೆ. ಮೈಗೆ ಕಚ್ಚಿ ರಕ್ತ ಹೀರೋ ಉಣ್ಣೆಗೆ ಕೊಡೋ ಫ್ಲುರಾಲನರ್ ಮಾತ್ರೆಯ ಅತಿ ದೊಡ್ಡ ಅಳತೆ 40ರಿಂದ 56 ಕೆಜಿ ನಾಯಿಗೆ. ಅದಕ್ಕಿಂತ ಭಾರ ಇದ್ರೆ ಎರಡು ಅಳತೆಯ ಮಾತ್ರೆ ಸೇರಿಸಿ ಕೊಡಬೇಕು. ಒಂದೇ ಮಾತ್ರೆ ಕೊಟ್ಟು 70 ಕೆಜಿ ನಾಯಿಗೆ ಸಾಕು ಅಂದುಕೊಂಡ್ರೆ ಉಣ್ಣೆ ಜ್ವರ ತಪ್ಪಲ್ಲ. ಜಂತುಹುಳು ಮಾತ್ರೆಗೂ ಇದೇ ಲೆಕ್ಕ. ಅರಿವಳಿಕೆಯಲ್ಲಿ ಮಾತ್ರ ಉಲ್ಟಾ, ದೈತ್ಯ ನಾಯಿಗೆ ಪ್ರತಿ ಕೆಜಿಗೆ ಬೇಕಾಗೋದು ಸಣ್ಣ ನಾಯಿಗಿಂತ ಕಮ್ಮಿ. ಡೇನ್‌ಗಳನ್ನ ನೋಡಿ ಅಭ್ಯಾಸ ಇರೋ ಡಾಕ್ಟರನ್ನ ಹುಡುಕಿ.

ಗಿಡ್ಡ ಕೂದಲಿನ ಡೇನ್ ಬೆಂಗಳೂರು, ಮೈಸೂರಿನ ಹವೆಗೆ ಹೊಂದಿಕೊಳ್ಳುತ್ತೆ. ಸೇಂಟ್ ಬರ್ನಾರ್ಡ್ ಆಲ್ಪ್ಸ್ ಹಿಮದ ನಾಯಿ, ಅದನ್ನ ಕಲಬುರಗಿ, ರಾಯಚೂರಿನ ಬೇಸಿಗೆಗೆ ತರಬೇಡಿ. ಡೇನ್‌ಗೂ ಏಪ್ರಿಲ್, ಮೇನಲ್ಲಿ ವಾಕಿಂಗ್ ಬೆಳಗ್ಗೆ ಏಳರೊಳಗೆ ಮುಗೀಬೇಕು. ಬಿಸಿಲು ಬಡಿದು ತೂರಾಡಿದ್ರೆ ಹೊಟ್ಟೆ, ತೊಡೆಸಂದಿಗೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಹಾಗೇ ಆಸ್ಪತ್ರೆಗೆ ಹೊರಡಿ.

ಡೇನ್ ಆಯಸ್ಸು ಏಳರಿಂದ ಹತ್ತು ವರ್ಷ. ಮೂರು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಹೃದಯದ ಎಕೋ, ಇಸಿಜಿ ಮಾಡಿಸಿ. ಹೃದಯದ ಗೋಡೆ ತೆಳ್ಳಗಾಗಿ ಹಿಗ್ಗೋ ಕಾಯಿಲೆ ಈ ಜಾತಿಯಲ್ಲಿ ಹೆಚ್ಚು, ಕೆಮ್ಮು, ಸುಸ್ತು ಕಾಣೋ ಹೊತ್ತಿಗೆ ತಡವಾಗಿರುತ್ತೆ. ಐದಾರು ವರ್ಷದ ಡೇನ್ ಒಂದೇ ಕಾಲು ಎರಡು ವಾರ ಕುಂಟಿದ್ರೆ ಉಳುಕು ಅಂತ ಎಣ್ಣೆ ತಿಕ್ತಾ ಕೂರಬೇಡಿ, ಎಕ್ಸ್‌ರೇ ತೆಗೆಸಿ. ಮೂಳೆ ಕ್ಯಾನ್ಸರ್ ಹೆಚ್ಚಾಗಿ ಮಣಿಕಟ್ಟಿನ ಮೇಲೆ ಅಥವಾ ಭುಜದ ಕೆಳಗೆ ಶುರುವಾಗುತ್ತೆ. ಹಿಂಗಾಲು ಸೋತ ಮುದಿ ನಾಯಿಗೆ ಅಗಲವಾದ ಟವೆಲ್ ಹೊಟ್ಟೆ ಕೆಳಗೆ, ಹಿಂದೊಡೆಯ ಮುಂದುಗಡೆ ಹಾಯಿಸಿ ಎರಡೂ ತುದಿ ಮೇಲಕ್ಕೆ ಹಿಡಿದ್ರೆ ಅದು ತನ್ನ ಕಾಲಲ್ಲೇ ಎದ್ದು ಅಂಗಳಕ್ಕೆ ಹೋಗಿ ಬರುತ್ತೆ. ಗಂಡುನಾಯಿಗೆ ಟವೆಲ್ ಮೂತ್ರದ ದಾರಿ ಒತ್ತದ ಹಾಗೆ ಸ್ವಲ್ಪ ಮುಂದಕ್ಕೆ ಹಿಡೀರಿ.